ವಿದ್ಯುತ್ತಿಗೆ ಕಣಜ ಕಟ್ಟಿದ ಗಾಸ್ಟನ್ ಪ್ಲಾಂಟೆ

ಸುಗ್ಗಿಯಲ್ಲಿ ಬೆಳೆದುದೆಲ್ಲವನ್ನೂ ಸುಗ್ಗಿಯಲ್ಲಿಯೇ ಉಂಡು ಮುಗಿಸುವವನು ಜಾಣನಾದ ಒಕ್ಕಲಿಗನೆನಿಸಲಾರನು. ರಾಶಿ ಮಾಡಿದ ಜೋಳವನ್ನು ಹಗೇವಿನಲ್ಲಿ ತುಂಬಿ, ಅದರ ಬಾಯನ್ನು ಭದ್ರವಾಗಿ ಮುಚ್ಚಿ, ಬರಗಾಲದ ದಿನಕ್ಕೆಂದು ಕಾಯ್ದಿರಿಸುವುದು ನಮ್ಮ ಬಯಲುಸೀಮೆಯ ಹಿರಿಯರ ವಾಡಿಕೆಯಾಗಿತ್ತು. ಧಾನ್ಯವನ್ನು ಹೀಗೆ ಕೂಡಿಡಬಹುದು. ನೀರನ್ನು ಕೆರೆ ಕಟ್ಟಿ ನಿಲ್ಲಿಸಬಹುದು. ಆದರೆ ಕಣ್ಣಿಗೆ ಕಾಣದ, ಕ್ಷಣಮಾತ್ರವೂ ನಿಲ್ಲದೆ ಹರಿಯುವ ವಿದ್ಯುತ್ತನ್ನು ಕೂಡಿಡುವ ಬಗೆ ಹೇಗೆ? ನೂರಾರವತ್ತು ವರ್ಷಗಳಿಗೂ ಹಿಂದೆ ಈ ಪ್ರಶ್ನೆಗೆ ಉತ್ತರವನ್ನು ಕಂಡುಹಿಡಿದ ಮಹನೀಯನೇ ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ.

ಮಿತ್ರರೇ, ಈತನ ಹೆಸರನ್ನು ನಮ್ಮಲ್ಲಿ ಕೇಳಿದವರು ವಿರಳ. ಆದರೆ ಈತನ ಕೃತಿಯನ್ನು ಕಾಣದವರು ಯಾರೂ ಇಲ್ಲ. ಸೀತಾಬರ್ಡಿಯ ಜನಸಂದಣಿಯ ನಡುವೆ ಸದ್ದಿಲ್ಲದೆ ಸರಿದು ಹೋಗುವ ಎಷ್ಟೋ ಇ-ರಿಕ್ಷಾಗಳ ಆಸನದ ಕೆಳಗೆ ಅದು ಇದೆ. ವಿದ್ಯುತ್ತು ಹೋದ ರಾತ್ರಿ ಮನೆಯ ಪಂಖವನ್ನು ತಿರುಗಿಸುವ ಇನ್ವರ್ಟರಿನ ಪಕ್ಕದಲ್ಲಿ ಅದು ಇದೆ. ದೆಹಲಿ-ಚೆನ್ನೈ, ಮುಂಬಯಿ-ಹಾವಡಾ ಮಾರ್ಗಗಳು ಸಂಧಿಸುವ ನಮ್ಮ ನಾಗಪುರ ನಿಲ್ದಾಣದಲ್ಲಿ ಬಂದು ನಿಲ್ಲುವ ರೈಲುಡಬ್ಬಿಗಳ ತಳಭಾಗದಲ್ಲಿಯೂ ಅದು ಇದೆ. ಸೀಸ ಮತ್ತು ಗಂಧಕಾಮ್ಲಗಳಿಂದಾದ ಆ ಭಾರವಾದ ಪೆಟ್ಟಿಗೆಯನ್ನು ನಾವು ಬ್ಯಾಟರಿಯೆಂದು ಕರೆದು ಸುಮ್ಮನಾಗುತ್ತೇವೆ. ಅದರ ಹಿಂದೆ ಒಬ್ಬ ತಾಳ್ಮೆಯ ಮನುಷ್ಯನ ಬಾಳು ಅಡಗಿದೆ.

ಗಾಸ್ಟನ್ ಪ್ಲಾಂಟೆಯು 1834ನೆಯ ಇಸವಿಯ ಏಪ್ರಿಲ್ 22ರಂದು ಫ್ರಾನ್ಸಿನ ನೈಋತ್ಯ ಭಾಗದಲ್ಲಿರುವ ಓರ್ತೇಜ್ ಎಂಬ ಊರಿನಲ್ಲಿ ಜನಿಸಿದನು. ಆ ಮನೆತನದಲ್ಲಿ ಸರಸ್ವತಿಯು ಎರಡು ರೂಪಗಳಿಂದ ನೆಲೆಸಿದ್ದಳೆಂದು ಹೇಳಬಹುದು. ಗಾಸ್ಟನ್ನನು ವಿಜ್ಞಾನವನ್ನು ಆರಿಸಿಕೊಂಡರೆ, 1839ರಲ್ಲಿ ಹುಟ್ಟಿದ ಅವನ ತಮ್ಮನಾದ ಫ್ರಾನ್ಸಿಸ್ ಪ್ಲಾಂಟೆಯು ಪಿಯಾನೊ ವಾದನದಲ್ಲಿ ಲೋಕಪ್ರಸಿದ್ಧಿಯನ್ನು ಪಡೆದನು. ತಮ್ಮನು 1934ರವರೆಗೆ ದೀರ್ಘಾಯುವಾಗಿ ಬಾಳಿದನು. ಅಣ್ಣನಿಗೆ ಅಷ್ಟು ದೊಡ್ಡ ಆಯುಷ್ಯವು ದೊರೆಯಲಿಲ್ಲ.

1854ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಪ್ಲಾಂಟೆಯು ಪ್ಯಾರಿಸ್ ನಗರದ ಕಲಾ-ಕೈಗಾರಿಕಾ ವಿದ್ಯಾಲಯದಲ್ಲಿ ಭೌತವಿಜ್ಞಾನದ ಉಪನ್ಯಾಸಗಳಿಗೆ ಸಹಾಯಕನಾಗಿ ಸೇರಿದನು. ಅಲ್ಲಿ ಅವನಿಗೆ ದೊರೆತ ಗುರು ಎಡ್ಮಂಡ್ ಬೆಕೆರೆಲ್. ಈ ಗುರುವಿನ ವಿಷಯವನ್ನು ಇಲ್ಲಿ ವಿಶೇಷವಾಗಿ ನೆನಪಿನಲ್ಲಿಡಬೇಕು. ಬೆಕೆರೆಲನು 1839ರಲ್ಲಿ, ತಾನು ಇನ್ನೂ ಹತ್ತೊಂಬತ್ತು ವರ್ಷದ ತರುಣನಾಗಿದ್ದಾಗ, ತಂದೆಯ ಪ್ರಯೋಗಶಾಲೆಯಲ್ಲಿ ಒಂದು ವಿಚಿತ್ರವನ್ನು ಕಂಡಿದ್ದನು. ದ್ರಾವಣದಲ್ಲಿ ಮುಳುಗಿಸಿದ ಎರಡು ಲೋಹದ ಫಲಕಗಳಲ್ಲಿ ಒಂದರ ಮೇಲೆ ಬೆಳಕು ಬಿದ್ದೊಡನೆ ವಿದ್ಯುತ್ತು ಹುಟ್ಟಿತು. ಬೆಳಕೇ ವಿದ್ಯುತ್ತಾಗಬಲ್ಲುದೆಂಬ ಈ ಸತ್ಯವೇ ಇಂದಿನ ಸೌರಫಲಕಗಳ ಬೀಜವಾಗಿದೆ. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಮಾರ್ಗವನ್ನು ಗುರುವು ಕಂಡನು. ವಿದ್ಯುತ್ತನ್ನು ಕೂಡಿಡುವ ಮಾರ್ಗವನ್ನು ಶಿಷ್ಯನು ಕಾಣಲಿದ್ದನು. ಈ ಎರಡು ಮಾರ್ಗಗಳು ಒಂದಾಗಲು ಮಾತ್ರ ನೂರು ವರ್ಷಗಳಿಗಿಂತಲೂ ಹೆಚ್ಚಿನ ಕಾಲವು ಬೇಕಾಯಿತು.

ತರುಣ ಪ್ಲಾಂಟೆಯ ಕುತೂಹಲವು ಪ್ರಯೋಗಶಾಲೆಯ ನಾಲ್ಕು ಗೋಡೆಗಳಿಗೆ ಸೀಮಿತವಾಗಿರಲಿಲ್ಲ. 1855ರಲ್ಲಿ ಪ್ಯಾರಿಸ್ಸಿನ ಸಮೀಪದ ಮ್ಯೂಡನ್ ಎಂಬಲ್ಲಿ ನೆಲದೊಳಗೆ ಹುದುಗಿದ್ದ ಒಂದು ದೈತ್ಯಪಕ್ಷಿಯ ಎಲುಬುಗಳನ್ನು ಅವನು ಕಂಡುಹಿಡಿದನು. ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿದುಹೋದ, ಹಾರಲಾರದ ಆ ಪಕ್ಷಿಗೆ ವಿದ್ವಾಂಸರು ಅವನ ಗೌರವಾರ್ಥವಾಗಿ ಗಾಸ್ಟೋರ್ನಿಸ್ ಎಂದು ಹೆಸರಿಟ್ಟರು. ಇಪ್ಪತ್ತೊಂದು ವರ್ಷದ ಯುವಕನಿಗೆ ಇದೇನೂ ಸಾಮಾನ್ಯವಾದ ಕೀರ್ತಿಯಲ್ಲ. ಆದರೂ ಅವನ ಮನಸ್ಸನ್ನು ಸೆರೆಹಿಡಿದುದು ವಿದ್ಯುತ್ತೇ.

ಆ ಕಾಲದ ವಿದ್ಯುತ್ತಿನ ಸ್ಥಿತಿಯನ್ನು ಸ್ವಲ್ಪ ತಿಳಿದುಕೊಳ್ಳೋಣ. 1800ರಲ್ಲಿ ಇಟಲಿಯ ವೋಲ್ಟಾ ಎಂಬ ವಿಜ್ಞಾನಿಯು ಮೊದಲ ವಿದ್ಯುತ್ಕೋಶವನ್ನು ರಚಿಸಿದ್ದನು. ಅನಂತರ ಬಂದ ಕೋಶಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಅವುಗಳಲ್ಲಿ ಸತುವು ಕರಗಿ ವಿದ್ಯುತ್ತಾಗುತ್ತಿತ್ತು. ಸತುವು ಮುಗಿದೊಡನೆ ಕೋಶವೂ ಸತ್ತುಹೋಗುತ್ತಿತ್ತು. ಒಲೆಯಲ್ಲಿ ಉರಿದ ಸೌದೆಯು ಬೂದಿಯಾದ ಮೇಲೆ ಮತ್ತೆ ಸೌದೆಯಾಗದಂತೆ, ಬರಿದಾದ ಕೋಶವನ್ನು ಮತ್ತೆ ತುಂಬುವ ಉಪಾಯವಿರಲಿಲ್ಲ. ಇದರ ಜೊತೆಗೆ ಇನ್ನೊಂದು ತೊಡಕಿತ್ತು. ದ್ರಾವಣದಲ್ಲಿ ವಿದ್ಯುತ್ತನ್ನು ಹರಿಸಿದಾಗ ಫಲಕಗಳ ಮೇಲೆ ಒಂದು ಬಗೆಯ ಪ್ರತಿರೋಧವು ಹುಟ್ಟಿ, ವಿದ್ಯುತ್ತು ಹಿಂದಕ್ಕೆ ತಳ್ಳಲ್ಪಡುತ್ತಿತ್ತು. ವಿಜ್ಞಾನಿಗಳು ಇದನ್ನು ಶತ್ರುವೆಂದೇ ಎಣಿಸಿ, ಹೋಗಲಾಡಿಸಲು ಹೆಣಗುತ್ತಿದ್ದರು. ಜರ್ಮನಿಯ ರಿಟ್ಟರ್, ಸಿನ್‌ಸ್ಟೆಡೆನ್ ಮೊದಲಾದವರು ಈ ಹಿಮ್ಮುಖ ಪ್ರವಾಹವನ್ನು ಪ್ಲಾಂಟೆಗಿಂತ ಮೊದಲೇ ಗಮನಿಸಿದ್ದರು. ಆದರೆ ಅದನ್ನು ಉಪಯುಕ್ತವಾದ ಸಾಧನವನ್ನಾಗಿ ಮಾಡುವ ಕಾರ್ಯವು ಉಳಿದೇ ಇತ್ತು.

ಪ್ಲಾಂಟೆಯು ಶತ್ರುವನ್ನೇ ಮಿತ್ರನನ್ನಾಗಿ ಮಾಡಿಕೊಳ್ಳಲು ಹೊರಟನು. ಹಿಂದಕ್ಕೆ ಬರುವ ಪ್ರವಾಹವು ಯಾವ ಲೋಹದಲ್ಲಿ ಅತ್ಯಂತ ಪ್ರಬಲವಾಗಿದೆ, ಯಾವುದರಲ್ಲಿ ಅತ್ಯಂತ ದೀರ್ಘಕಾಲ ನಿಲ್ಲುತ್ತದೆ ಎಂಬುದನ್ನು ಅವನು ಒಂದೊಂದಾಗಿ ಪರೀಕ್ಷಿಸಿದನು. ಬೆಳ್ಳಿ, ತಾಮ್ರ, ತವರ, ಚಿನ್ನ, ಪ್ಲಾಟಿನಂ ಮೊದಲಾದ ಲೋಹಗಳ ಸರದಿಯು ಮುಗಿಯಿತು. ಕೊನೆಗೆ ಗೆದ್ದುದು ಬೆಲೆಬಾಳುವ ಚಿನ್ನವೂ ಅಲ್ಲ, ಬೆಳ್ಳಿಯೂ ಅಲ್ಲ; ಕಡಿಮೆ ಬೆಲೆಯ, ಮೃದುವಾದ, ಬೂದುಬಣ್ಣದ ಸೀಸ!

1859ರಲ್ಲಿ ಪ್ಲಾಂಟೆಯು ತನ್ನ ಕೋಶವನ್ನು ರಚಿಸಿದನು. ಅದರ ರಚನೆಯು ಅತ್ಯಂತ ಸರಳವಾದುದು. ಸೀಸದ ಎರಡು ತೆಳುವಾದ ಹಾಳೆಗಳನ್ನು ತೆಗೆದುಕೊಂಡು, ಅವು ಒಂದನ್ನೊಂದು ಮುಟ್ಟದಂತೆ ನಡುವೆ ಬೇರ್ಪಡಿಸುವ ಪಟ್ಟಿಯನ್ನಿಟ್ಟು, ಚಾಪೆಯನ್ನು ಸುತ್ತುವಂತೆ ಸುರುಳಿ ಸುತ್ತಿ, ಸಾರರಿಕ್ತ ಗಂಧಕಾಮ್ಲವಿರುವ ಗಾಜಿನ ಪಾತ್ರೆಯಲ್ಲಿ ಇಳಿಬಿಟ್ಟನು. ಬೇರೊಂದು ಮೂಲದಿಂದ ಇದಕ್ಕೆ ವಿದ್ಯುತ್ತನ್ನು ಹರಿಸಿದಾಗ ಒಂದು ಹಾಳೆಯ ಮೇಲೆ ಕಂದುಬಣ್ಣದ ಸೀಸದ ಡೈಆಕ್ಸೈಡ್ ಕಟ್ಟಿಕೊಳ್ಳುತ್ತದೆ. ಇನ್ನೊಂದು ಸ್ಪಂಜಿನಂತಹ ಶುದ್ಧ ಸೀಸವಾಗಿ ಉಳಿಯುತ್ತದೆ. ವಿದ್ಯುತ್ತನ್ನು ಮರಳಿ ಪಡೆಯುವಾಗ ಎರಡೂ ಫಲಕಗಳು ಆಮ್ಲದೊಡನೆ ಕೂಡಿ ಸೀಸದ ಸಲ್ಫೇಟ್ ಆಗುತ್ತವೆ, ಆಮ್ಲವು ತೆಳ್ಳಗಾಗುತ್ತದೆ. ಮತ್ತೆ ವಿದ್ಯುತ್ತನ್ನು ಹರಿಸಿದರೆ ಎಲ್ಲವೂ ಮೊದಲಿನ ಸ್ಥಿತಿಗೆ ಹಿಂದಿರುಗುತ್ತದೆ. ಬೂದಿಯು ಮತ್ತೆ ಸೌದೆಯಾದಂತಹ ಅದ್ಭುತವಿದು!

ಆದರೆ ಈ ಅದ್ಭುತವು ಒಂದು ದಿನದಲ್ಲಿ ಸಿದ್ಧಿಸಲಿಲ್ಲ. ಹೊಸ ಸೀಸದ ಹಾಳೆಯು ನುಣುಪಾಗಿರುವುದರಿಂದ ಅದರಲ್ಲಿ ಕೂಡಿಡಬಹುದಾದ ವಿದ್ಯುತ್ತು ಅತ್ಯಲ್ಪ. ಅದನ್ನು ತುಂಬಿ, ಬರಿದುಮಾಡಿ, ದಿಕ್ಕನ್ನು ಬದಲಿಸಿ ಮತ್ತೆ ತುಂಬಿ, ಮತ್ತೆ ಬರಿದುಮಾಡಿ, ನಡುವೆ ವಿಶ್ರಾಂತಿಯನ್ನೂ ಕೊಟ್ಟು, ಹೀಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಸಾಧನೆ ಮಾಡಿಸಿದರೆ ಮಾತ್ರ ಹಾಳೆಯ ಮೇಲ್ಮೈಯು ರಂಧ್ರಮಯವಾಗಿ ಹೆಚ್ಚು ವಿದ್ಯುತ್ತನ್ನು ಹಿಡಿಯಬಲ್ಲುದು. ಅಭ್ಯಾಸದಿಂದ ವಿದ್ಯಾರ್ಥಿಯ ಗ್ರಹಣಶಕ್ತಿಯು ಬೆಳೆಯುವಂತೆ, ಅಭ್ಯಾಸದಿಂದಲೇ ಪ್ಲಾಂಟೆಯ ಕೋಶದ ಶಕ್ತಿಯೂ ಬೆಳೆಯಿತು. 1860ರಲ್ಲಿ ಅವನು ಇಂತಹ ಒಂಬತ್ತು ಕೋಶಗಳನ್ನು ಜೋಡಿಸಿದ ಬ್ಯಾಟರಿಯನ್ನು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. ಅದೇ ವರ್ಷದಲ್ಲಿ ಜನಸಾಮಾನ್ಯರ ಶಿಕ್ಷಣಕ್ಕಾಗಿ ಸ್ಥಾಪಿತವಾಗಿದ್ದ ಪಾಲಿಟೆಕ್ನಿಕ್ ಸಂಘದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾದನು.

ಇಲ್ಲಿ ಪ್ಲಾಂಟೆಯು ಕಂಡುಕೊಂಡ ಒಂದು ನಿಯಮವನ್ನು ಮರೆಯಲಾಗದು. ಸೀಸದ ಒಂದು ಕೋಶದ ಒತ್ತಡವು ಸುಮಾರು 2 ವೋಲ್ಟ್. ಆಗ ಪ್ರಚಾರದಲ್ಲಿದ್ದ ಬುನ್ಸೆನ್ ಕೋಶದ ಒತ್ತಡವಾದರೋ 2 ವೋಲ್ಟಿಗಿಂತ ಸ್ವಲ್ಪ ಕಡಿಮೆ. ತಗ್ಗಿನ ಕೊಳದಿಂದ ದಿಬ್ಬದ ಕೆರೆಗೆ ನೀರು ತಾನಾಗಿ ಹರಿಯಲಾರದಷ್ಟೆ? ಆದುದರಿಂದ ಅವನು ಎರಡು ಬುನ್ಸೆನ್ ಕೋಶಗಳನ್ನು ಸಾಲಾಗಿ ಜೋಡಿಸಿ ತನ್ನ ಕೋಶವನ್ನು ತುಂಬುತ್ತಿದ್ದನು. ತುಂಬುವ ಮೂಲದ ಒತ್ತಡವು ತುಂಬಿಸಿಕೊಳ್ಳುವ ಬ್ಯಾಟರಿಯ ಒತ್ತಡಕ್ಕಿಂತ ಮೇಲಾಗಿರಬೇಕೆಂಬ ಈ ನಿಯಮವು ಇಂದಿಗೂ ಬದಲಾಗಿಲ್ಲ.

ಇಷ್ಟು ದೊಡ್ಡ ಶೋಧವು ನಡೆದ ಮೇಲೆ ಲೋಕವು ಪ್ಲಾಂಟೆಯನ್ನು ತಲೆಯ ಮೇಲೆ ಹೊತ್ತು ಮೆರೆಸಿತೆಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ಕಣಜವೇನೋ ಸಿದ್ಧವಾಗಿತ್ತು, ಆದರೆ ತುಂಬಲು ಬೆಳೆಯೇ ಇರಲಿಲ್ಲ! ಸತುವನ್ನು ಕರಗಿಸಿ ಪಡೆದ ದುಬಾರಿಯಾದ ವಿದ್ಯುತ್ತನ್ನು ಮತ್ತೊಂದು ಪಾತ್ರೆಯಲ್ಲಿ ಕೂಡಿಡುವುದರಿಂದ ವ್ಯಾಪಾರಿಗೆ ಏನು ಲಾಭ? ಹೀಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಶೋಧವು ಪ್ರಯೋಗಶಾಲೆಯ ವಸ್ತುವಾಗಿಯೇ ಉಳಿಯಿತು. ಪ್ಲಾಂಟೆಯು ಕೈಚೆಲ್ಲಿ ಕುಳಿತುಕೊಳ್ಳಲಿಲ್ಲ. ಅನೇಕ ಕೋಶಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿ ತುಂಬಿ, ಅನಂತರ ಒಂದರ ಹಿಂದೊಂದಾಗಿ ಸಾಲುಗಟ್ಟಿಸಿ ಬಿಡುಗಡೆ ಮಾಡಿದರೆ ಪ್ರಚಂಡವಾದ ಒತ್ತಡವು ದೊರೆಯುತ್ತದೆಂಬುದನ್ನು ತೋರಿಸಿದನು. ಕ್ರಮೇಣ 800 ಕೋಶಗಳನ್ನು ಕೂಡಿಸಿ, ಅವುಗಳಿಂದ ಹುಟ್ಟಿದ ಕಿಡಿಗಳ ಮೂಲಕ ಸಿಡಿಲು-ಮಿಂಚುಗಳ ಸ್ವಭಾವವನ್ನು ಅಭ್ಯಸಿಸಿದನು. ಇಪ್ಪತ್ತು ವರ್ಷಗಳ ಈ ಪರಿಶ್ರಮದ ಸಾರವನ್ನೆಲ್ಲ 1879ರಲ್ಲಿ ವಿದ್ಯುತ್ತಿನ ಸಂಶೋಧನೆಗಳನ್ನು ಕುರಿತ ತನ್ನ ಗ್ರಂಥದಲ್ಲಿ ಪ್ರಕಟಿಸಿದನು.

ಅಷ್ಟರಲ್ಲಿ ಕಾಲವು ತಿರುಗಿತ್ತು. 1871ರಲ್ಲಿ ಗ್ರಾಮ್ ಎಂಬಾತನು ಉತ್ತಮವಾದ ಡೈನಮೋ ಯಂತ್ರವನ್ನು ಲೋಕದ ಮುಂದಿಟ್ಟಿದ್ದನು. ಯಂತ್ರವು ತಿರುಗಿದಷ್ಟೂ ಅಗ್ಗದ ವಿದ್ಯುತ್ತು. ಬರಿದಾಗಿದ್ದ ಕಣಜಕ್ಕೆ ಬೆಳೆಯು ಬಂದಿತು. ಕೆಮೀಲ್ ಫೋರ್ ಎಂಬ ಇನ್ನೊಬ್ಬ ಫ್ರೆಂಚ್ ಶೋಧಕನು 1881ರ ಹೊತ್ತಿಗೆ ಸೀಸದ ಹಾಳೆಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಬಳಿದು, ತಿಂಗಳುಗಳ ಸಾಧನೆಯನ್ನು ಅಲ್ಪಕಾಲದಲ್ಲಿ ಮುಗಿಸುವ ಕ್ರಮವನ್ನು ಕಂಡುಹಿಡಿದನು. ಆಮೇಲೆ ಕಾರ್ಖಾನೆಗಳು ಎದ್ದವು, ವ್ಯಾಪಾರವು ಬೆಳೆಯಿತು. ಬೀಜವನ್ನು ಬಿತ್ತಿದವನೊಬ್ಬ, ಕೊಯ್ದವರು ಹಲವರು.

ಈ ಬ್ಯಾಟರಿಯ ಹಿರಿಮೆಯು ಎಲ್ಲಕ್ಕಿಂತ ಹೆಚ್ಚಾಗಿ ಪ್ರಕಟವಾದುದು ನೀರಿನ ಮೇಲೆ. ಮನೆಗೆ ತಂತಿಯನ್ನು ಎಳೆಯಬಹುದು; ತೇಲುವ ದೋಣಿಗೆ ತಂತಿಯನ್ನು ಎಳೆಯುವುದೆಂತು? ದೋಣಿಯು ತನ್ನ ವಿದ್ಯುತ್ತನ್ನು ತಾನೇ ಹೊತ್ತೊಯ್ಯಬೇಕು. 1838ರಲ್ಲಿ ಯಾಕೋಬಿ ಎಂಬ ವಿಜ್ಞಾನಿಯು ರಷ್ಯಾದ ನೇವಾ ನದಿಯಲ್ಲಿ ವಿದ್ಯುತ್ತಿನ ದೋಣಿಯನ್ನು ನಡೆಸಿದ್ದನಾದರೂ, ಸತ್ತರೆ ಮತ್ತೆ ಜೀವ ಬರದ ಹಳೆಯ ಜಾತಿಯ ಕೋಶಗಳು ಅದರ ದೊಡ್ಡ ಕೊರತೆಯಾಗಿದ್ದವು. 1882ರಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ಎಲೆಕ್ಟ್ರಿಸಿಟಿ ಎಂಬ ಹೆಸರಿನ ದೋಣಿಯು ಮತ್ತೆ ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿಗಳ ಬಲದಿಂದ ಸಾಗಿತು. 1886ರಲ್ಲಿ ವೋಲ್ಟಾ ಎಂಬ ದೋಣಿಯು ಇಂಗ್ಲೆಂಡಿನ ಡೋವರಿನಿಂದ ಹೊರಟು, ಕಡಲನ್ನು ದಾಟಿ ಫ್ರಾನ್ಸಿನ ಕ್ಯಾಲೆಯನ್ನು ಮುಟ್ಟಿ ಹಿಂದಿರುಗಿತು. ಪ್ಲಾಂಟೆಯ ಜೀವಿತಕಾಲದಲ್ಲಿಯೇ ಅವನ ಸೀಸವು ಸಮುದ್ರವನ್ನು ದಾಟಿ ಅವನ ತಾಯ್ನಾಡಿನ ದಡವನ್ನು ಮುಟ್ಟಿತೆಂದರೆ ಎಂತಹ ಭಾಗ್ಯವದು!

1889ರ ಮೇ 21ರಂದು, ಪ್ಯಾರಿಸ್ಸಿನ ಬಳಿಯ ಬೆಲ್ವ್ಯೂ ಎಂಬಲ್ಲಿ, ತನ್ನ ಐವತ್ತೈದನೆಯ ವಯಸ್ಸಿನಲ್ಲಿ ಪ್ಲಾಂಟೆಯು ಕಾಲವಶನಾದನು. ಅವನ ಹೆಸರಿನಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯು ಒಂದು ಪಾರಿತೋಷಕವನ್ನು ಕೊಡುತ್ತಿತ್ತು. 1895ರಲ್ಲಿ ಅದು ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಕ್ಯೂರಿ ಇವರಿಗೆ ಸಂದಿತು. ಚಂದ್ರನ ಮೇಲಿನ ಒಂದು ಕುಳಿಗೂ ಪ್ಲಾಂಟೆಯ ಹೆಸರಿದೆ. ಗುರುವಾದ ಬೆಕೆರೆಲನು ಶಿಷ್ಯನಿಗಿಂತ ಎರಡು ವರ್ಷ ಹೆಚ್ಚು ಬದುಕಿ 1891ರಲ್ಲಿ ತೀರಿಕೊಂಡನು. ತಮ್ಮಿಬ್ಬರ ಶೋಧಗಳು ಕೈಕೈ ಹಿಡಿದು ನಡೆಯುವುದನ್ನು ಇಬ್ಬರೂ ಕಾಣಲಿಲ್ಲ.

ಆ ಕಾಲವು ಬಂದುದು 1954ರ ಅನಂತರ. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ, ಬಿಸಿಲಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು ಆರು ಪಾಲನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಕೋಶವು ಸಿದ್ಧವಾಯಿತು. ಇಂದು ನಾಡಿನ ಎಷ್ಟೋ ದೋಣಿಗಳ ಮಾಡಿನ ಮೇಲೆ ಸೌರಫಲಕವೂ, ಒಳಗೆ ಸೀಸದ ಬ್ಯಾಟರಿಯೂ ಜೊತೆಯಾಗಿ ದುಡಿಯುತ್ತಿವೆ. ಇಂತಹ ದೋಣಿಯಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳಿರುತ್ತವೆ. ಎಂಜಿನನ್ನು ಚಾಲೂ ಮಾಡಲು ಒಂದು. ಅದರ ತೆಳುವಾದ ಫಲಕಗಳು ಕ್ಷಣಕಾಲ ಬಹಳ ವಿದ್ಯುತ್ತನ್ನು ಕೊಡಬಲ್ಲವು. ದೀಪ, ರೇಡಿಯೋ, ತಳದಲ್ಲಿ ಸೇರಿದ ನೀರನ್ನು ಎತ್ತಿ ಹಾಕುವ ಪಂಪು ಇವುಗಳಿಗಾಗಿ ಇನ್ನೊಂದು; ಅದರ ದಪ್ಪ ಫಲಕಗಳು ನಿಧಾನವಾಗಿ ಬಹಳ ಹೊತ್ತು ಕೊಡುತ್ತವೆ. ದೀಪ ಉರಿಸಿದ ತಪ್ಪಿಗೆ ನಡುನೀರಿನಲ್ಲಿ ಎಂಜಿನ್ ಏಳದಂತಾಗಬಾರದೆಂಬುದೇ ಈ ವಿಂಗಡಣೆಯ ಉದ್ದೇಶ. ಸೌರಫಲಕವು ತುಂಬುವುದು ಹೆಚ್ಚಾಗಿ ಈ ಎರಡನೆಯ, ಸಹಾಯಕ ಬ್ಯಾಟರಿಯನ್ನು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಆರು ಕೋಶಗಳ 12 ವೋಲ್ಟ್ ಬ್ಯಾಟರಿಯನ್ನು ಪೂರ್ಣವಾಗಿ ತುಂಬಲು ಸುಮಾರು 14.4 ವೋಲ್ಟ್ ಒತ್ತಡವು ಬೇಕು. 36 ಸೌರಕೋಶಗಳ ಫಲಕವು ಸುಮಾರು 18 ವೋಲ್ಟ್ ಕೊಡುತ್ತದೆ. ಪ್ಲಾಂಟೆಯ ಎರಡು ಬುನ್ಸೆನ್ ಕೋಶಗಳ ನಿಯಮವೇ ಇಲ್ಲಿಯೂ ನಡೆದಿದೆ! 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1200 ವಾಟ್-ಗಂಟೆಗಳ ಶಕ್ತಿಯಿದ್ದರೂ, ಅರ್ಧಕ್ಕಿಂತ ಹೆಚ್ಚು ಬಳಸಿದರೆ ಸೀಸವು ಬೇಗನೆ ಸವೆಯುವುದರಿಂದ, ನಮ್ಮ ಪಾಲಿಗೆ ದಕ್ಕುವುದು 600. ಐದು ವಾಟಿನ ಮೂರು ದೀಪಗಳನ್ನು ಆರು ಗಂಟೆ ಉರಿಸಿದರೆ 90, ನಲವತ್ತು ವಾಟಿನ ಪಂಪು ಒಂದು ಗಂಟೆ ನಡೆದರೆ 40, ಇಪ್ಪತ್ತು ವಾಟಿನ ರೇಡಿಯೋ ಮೂರು ಗಂಟೆ ನುಡಿದರೆ 60, ಒಟ್ಟು 190. ಬ್ಯಾಟರಿಯು ಮೂರು ದಿನ ತಾಳುವುದು. 100 ವಾಟಿನ ಫಲಕವು ಐದು ಗಂಟೆಗಳ ಪೂರ್ಣ ಬಿಸಿಲಿನಲ್ಲಿ 500 ವಾಟ್-ಗಂಟೆಗಳನ್ನು ಕೊಟ್ಟು, ಅದರಲ್ಲಿ ಮೂರನೆಯ ಒಂದು ಪಾಲು ನಷ್ಟವಾದರೂ, ದಿನದ ವೆಚ್ಚವು ತುಂಬಿ ಇನ್ನೂ ಮಿಗುವುದು. ತುಂಬಿದ ಮೇಲೂ ವಿದ್ಯುತ್ತು ನುಗ್ಗಿದರೆ ನೀರು ಒಡೆದು ಜಲಜನಕ ಅನಿಲವು ಏಳುತ್ತದೆ. ರಾತ್ರಿಯಲ್ಲಿ ವಿದ್ಯುತ್ತು ಫಲಕದ ಕಡೆಗೆ ಹಿಂದಿರುಗಿ ಸೋರುವುದೂ ಉಂಟು. ಇವೆರಡನ್ನೂ ತಡೆಯಲು ನಡುವೆ ಚಾರ್ಜ್ ನಿಯಂತ್ರಕವೆಂಬ ಕಾವಲುಗಾರನಿರುತ್ತಾನೆ.

2017ರ ಜನವರಿಯಲ್ಲಿ ಕೇರಳದ ವೈಕಂ ಎಂಬಲ್ಲಿ 75 ಜನರನ್ನು ಒಯ್ಯಬಲ್ಲ ಆದಿತ್ಯ ಎಂಬ ಸೌರದೋಣಿಯು ಸಂಚಾರವನ್ನು ಆರಂಭಿಸಿತು. ಅದರಲ್ಲಿರುವುದು ಹಗುರವಾದ ಲಿಥಿಯಂ ಬ್ಯಾಟರಿ. ಹೊಸ ಕಾಲಕ್ಕೆ ಹೊಸ ಲೋಹವು ಬಂದಿದೆಯೆಂಬುದು ನಿಜ. ಆದರೂ ತುಂಬಿ, ಬಳಸಿ, ಮತ್ತೆ ತುಂಬುವ ಮೂಲವಿಚಾರವು ಪ್ಲಾಂಟೆಯದೇ. ಬೆಲೆಯಲ್ಲಿ ಅಗ್ಗವಾದ ಸೀಸವು ಇನ್ನೂ ಬಡವರ ಕೈಬಿಟ್ಟಿಲ್ಲ.

ನಮ್ಮ ನಗರಕ್ಕೆ ಕಡಲಿಲ್ಲ. ಅಂಬಾಝರಿ, ಫುಟಾಳಾ ಕೆರೆಗಳೇ ನಮ್ಮ ಸಮುದ್ರ. ಆದರೆ ಬಿಸಿಲಿಗೆ ಬಡತನವಿಲ್ಲ. ಮೇ ತಿಂಗಳಲ್ಲಿ 45 ಡಿಗ್ರಿಯನ್ನು ಮುಟ್ಟುವ ಈ ಬಿಸಿಲು ವರವೂ ಹೌದು, ಪರೀಕ್ಷೆಯೂ ಹೌದು. ಬ್ಯಾಟರಿಯು ಸದಾ ಹತ್ತು ಡಿಗ್ರಿ ಹೆಚ್ಚಿನ ತಾಪದಲ್ಲಿದ್ದರೆ ಅದರ ಆಯುಷ್ಯವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದುದರಿಂದ ಅದನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಬೇಕು. ನೀರನ್ನು ಮರೆಯದೆ ನೋಡಬೇಕು. ಭಟ್ಟಿ ಇಳಿಸಿದ ನೀರನ್ನಲ್ಲದೆ ನಲ್ಲಿಯ ನೀರನ್ನು ಹಾಕಬಾರದು. ಬಳಿಯಲ್ಲಿ ಬೆಂಕಿಕಡ್ಡಿಯನ್ನು ಗೀರಬಾರದು. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ತುಂಬಲಾಗದಂತೆ ಕೆಡುತ್ತದೆ. ಸೀಸವು ವಿಷವೆಂಬುದನ್ನೂ ಮರೆಯಬಾರದು. ಎಳೆಯ ಮಕ್ಕಳ ಮೆದುಳಿಗೆ ಅದು ದೊಡ್ಡ ಶತ್ರು. ಹಳೆಯ ಬ್ಯಾಟರಿಯನ್ನು ಮನೆಯ ಹಿತ್ತಿಲಲ್ಲಿ ಒಡೆದು ಸೀಸವನ್ನು ಕರಗಿಸುವುದು, ಆಮ್ಲವನ್ನು ಮೋರಿಗೆ ಸುರಿಯುವುದು ಘೋರವಾದ ಅಪರಾಧವೆಂದೇ ತಿಳಿಯಬೇಕು. 2022ರಲ್ಲಿ ಭಾರತ ಸರಕಾರವು ಮಾಡಿದ ನಿಯಮಗಳಂತೆ ಬಳಸಿ ಮುಗಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಕ್ರಮವಾಗಿ ಸಂಸ್ಕರಿಸಬೇಕು. ಅದನ್ನು ಮಾರಿದ ಅಂಗಡಿಗೇ ಮರಳಿಸುವುದು ನಮ್ಮ ಕರ್ತವ್ಯ.

ಪ್ರಿಯ ವಿದ್ಯಾರ್ಥಿಗಳೇ, ಪ್ಲಾಂಟೆಯ ಜೀವನದಲ್ಲಿ ಯುದ್ಧಗಳಿಲ್ಲ, ಸಿಂಹಾಸನಗಳಿಲ್ಲ. ಇತರರು ತೊಡಕೆಂದು ದೂರವಿಟ್ಟುದನ್ನು ಎತ್ತಿಕೊಂಡು, ಅದರೊಳಗಿನ ಗುಣವನ್ನು ಕಂಡವನು ಅವನು. ಲೋಕಕ್ಕೆ ಬೇಡವಾಗಿದ್ದ ಕಾಲದಲ್ಲಿಯೂ ತನ್ನ ಕೆಲಸವನ್ನು ಕೈಬಿಡದೆ ನಡೆಸಿದವನು ಅವನು. ತುಂಬಿ ಬರಿದಾಗಿ, ಮತ್ತೆ ತುಂಬಿ ಬರಿದಾಗಿಯೇ ಅವನ ಸೀಸವು ಸಮರ್ಥವಾಯಿತು. ಪರೀಕ್ಷೆಯಲ್ಲಿ ಒಮ್ಮೆ ಸೋತು ಕುಗ್ಗಿದ ಗೆಳೆಯನಿಗೆ ಇದಕ್ಕಿಂತ ದೊಡ್ಡ ಸಮಾಧಾನವು ಯಾವುದಿದೆ? ಇಂದು ರಾತ್ರಿ ದೀಪವು ಆರಿ, ಇನ್ವರ್ಟರಿನ ಬೆಳಕು ಹೊತ್ತಿಕೊಂಡಾಗ, ಆ ಬೆಳಕಿನಲ್ಲಿ ಪುಸ್ತಕವನ್ನು ತೆರೆಯುವ ಮುನ್ನ, ಓರ್ತೇಜ್ ಊರಿನ ಆ ತಾಳ್ಮೆಯ ಮನುಷ್ಯನನ್ನು ಒಂದು ಕ್ಷಣ ನೆನೆಯೋಣ.